ಮದ್ದಿನ ಮನೆಯ ಕೀಲಿ

"ಕೇಳ್ರಪ್ಪೋ ಕೇಳ್ರಿ! ಕೋಟೆಯ ಸಿಡಿಮದ್ದಿನ ಮನೆ ಸೋರುತ್ತಿದೆ. ದುರಸ್ತಿಗೆ ಒಳಹೋಗುವ ಗುತ್ತಿಗೆಯಾಳು ದೊರೆಗಳ ಮೂರು ಒಗಟು ಬಿಡಿಸಬೇಕು. ಬಿಡಿಸಿದವನಿಗೆ ಕೀಲಿ, ಜೊತೆಗೆ ಗದ್ದೆ. ತಪ್ಪಿದವನ ತಲೆ ದಂಡ!"

ಡಂಗುರ ಕೇಳಿ ಗಾರೆಯಾಳು ಚಿಕ್ಕೀರನ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಯಿತು. ಒಗಟಿನ ಭಯವಲ್ಲ. ಅವನ ಅಣ್ಣ ಹಗೆಯ ದಂಡಿನಲ್ಲಿದ್ದ. ಅದು ಗುತ್ತಿಗೆದಾರ ಹಲಗಯ್ಯನಿಗೆ ಮಾತ್ರ ಗೊತ್ತು. ಗುತ್ತಿಗೆಯ ಆಸೆಗೆ ಹಲಗಯ್ಯ ಮೂವರು ಆಳುಗಳನ್ನು ಸಭೆಗೆ ನೂಕಿದ. ತಲೆ ಹೋದರೆ ಅವನದೇನು ಹೋಗಬೇಕು!

"ಬಾಯ್ ಮುಚ್ಕೊಂಡಿರು ಕಣ್ಲಾ. ಕೇಳಿದ್ರೆ ತಾನೆ ಹೇಳೋದು?" ಎಂದು ಚಿಕ್ಕೀರನ ಕಿವಿಯಲ್ಲಿ ಗದರಿದ.

"ಹೇಳಿದರೆ ಸಾಯುತ್ತದೆ, ಮುಚ್ಚಿಟ್ಟರೆ ಬೆಳೆಯುತ್ತದೆ. ಏನದು?" ಎಂದು ಸಭೆಯಲ್ಲಿ ದೊರೆ ಮೊದಲ ಒಗಟು ಹಾಕಿದ.

"ಅದು ಬೀಜ, ಬುದ್ಧಿ" ಎಂದು ಮೊದಲ ಆಳು ಬೊಮ್ಮ ದೊರೆಗೆ ಕೈಮುಗಿದ. ಭಟರು ಅವನನ್ನು ಕಂಬಕ್ಕೆ ಕಟ್ಟಿದರು.

"ಗುಟ್ಟು" ಎಂದು ಎರಡನೆಯ ಆಳು ದಾಸ ಗೆದ್ದ. ಆದರೆ "ಹಗೆ ನನ್ನ ಕೋಟೆಗೆ ಹಾಕುವ, ಕಣ್ಣಿಗೆ ಕಾಣದ ಏಣಿ ಯಾವುದು?" ಎಂಬ ಎರಡನೆಯ ಒಗಟಿಗೆ "ಕತ್ತಲೆ" ಎಂದು ಅವನೂ ಕಂಬ ಸೇರಿದ.

ಚಿಕ್ಕೀರನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅಣ್ಣನ ಸುದ್ದಿ ಹೇಳಿದರೂ ತಲೆ, ಹೇಳದಿದ್ದರೂ ತಲೆ. ಕರೆದೊಡನೆ ಬಾಯಿ ಬಿಟ್ಟೇಬಿಟ್ಟ: "ಒಗಟು ಆಮೇಲೆ, ಬುದ್ಧಿ. ನಮ್ಮಣ್ಣ ಹಗೆ ದಂಡ್ನಾಗವ್ನೆ."

"ಯಾರೂ ಕೇಳಲಿಲ್ಲವಲ್ಲ?"

"ಕೇಳೋಗಂಟ ತಡ್ಯಕಾಗ್ನಿಲ್ಲ."

"ಸರಿ. ಮೊದಲನೆಯದು ಬಿಡಿಸಿಯಾಯಿತು. ಏಣಿ ಯಾವುದು?"

"ಆಳಿನ ಅಂಜಿಕೆ, ಬುದ್ಧಿ. ನಾನು ಮುಚ್ಚಿಟ್ಟಿದ್ರೆ ಹಗೆಯೋನು 'ಬಾಗ್ಲು ತೆಗಿ, ಇಲ್ದಿದ್ರೆ ನಿನ್ನಣ್ಣನ ಸುದ್ದಿ ಹೇಳ್ತೀನಿ' ಅಂತಿದ್ದ. ಈಗ ಏನಂತ ಹೆದರಿಸ್ತಾನೆ?"

"ಇನ್ನು ಮೂರನೆಯದು. ಕೀಲಿ ಯಾರ ಕೈಗೆ ಕೊಟ್ಟರೆ ನನಗೆ ನಿದ್ದೆ ಬರುತ್ತದೆ?"

"ಕಪ್ಪು ಕಲೆ ಇಲ್ದೋನ ಕೈಗೆ ಅಂದ್ರೆ ಯಾರೂ ಸಿಗಾಕಿಲ್ಲ. ಕೇಳೋಕ್ಮುಂಚೆ ಕಲೆ ತೋರಿಸ್ದೋನ ಕೈಗೆ."

ದೊರೆ ಕೀಲಿ ಕೊಟ್ಟ. "ನಿನ್ನಣ್ಣನ ಸುದ್ದಿ ಬೇಹಿನವರು ಮೊನ್ನೆಯೇ ತಂದಿದ್ದರು. ನೀನು ಮುಚ್ಚಿಟ್ಟು ಮೂರೂ ಬಿಡಿಸಿದ್ದರೂ ಕೀಲಿ ಸಿಗುತ್ತಿರಲಿಲ್ಲ. ಅಣ್ಣ ಏನಾದರೂ ಹೇಳಿಕಳಿಸಿದರೆ ಅದನ್ನೂ ತಿಳಿಸು."

"ಆಗ್ಲಿ ಬುದ್ಧಿ. ಅವರಿಬ್ರನ್ನೂ ಬಿಟ್ಬುಡಿ. ಬಾಯ್ ಬಿಟ್ಟಿದ್ಕೇ ತಲೆ ಹೋದ್ರೆ, ನಾಳೆ ನಿಮ್ಮುಂದೆ ಯಾರು ಬಾಯ್ ಬಿಟ್ಟಾರು?"

ದೊರೆ ಇಬ್ಬರ ಕಟ್ಟು ಬಿಚ್ಚಿಸಿದ, ಚಿಕ್ಕೀರನ ಹೆಸರಿಗೆ ಗದ್ದೆ ಬರೆಸಿದ. ಚಿಕ್ಕೀರ ನಿಂತಲ್ಲೇ ಅತ್ತುಬಿಟ್ಟ.

ಮೆಲ್ಲನೆ ಬಾಗಿಲ ಕಡೆ ಜಾರುತ್ತಿದ್ದ ಗುತ್ತಿಗೆದಾರನನ್ನು ದೊರೆ ನಿಲ್ಲಿಸಿದ. "ಹಲಗಯ್ಯ, ಇವನ ಅಣ್ಣನ ವಿಷಯ ನಿನಗೆ ಗೊತ್ತಿತ್ತೇ?"

ಹಲಗಯ್ಯ ಬಾಯಿ ತೆರೆದ. ಆದರೆ ಕೇಳುವ ಮುಂಚೆ ಹೇಳುವ ಹೊತ್ತು ಮೀರಿತ್ತು, ದೊರೆ ಕೇಳಿಯಾಗಿತ್ತು.