ತಂಗೆವ್ವ ತೇಲಿಬಿಟ್ಟ ಹೊಟ್ಟು

ಬಹಳ ಹಿಂದೆ, ಎಷ್ಟು ಹಿಂದೆ ಎಂದು ಕೇಳಬೇಡಿ, ನನ್ನಜ್ಜಿಗೂ ಅದು ಅವಳಜ್ಜಿ ಹೇಳಿದ ಮಾತು, ಕರಿಕೋಟೆ ಅಂತ ಒಂದು ಊರಿತ್ತು. ಊರೆಂದರೆ ಏಳು ಓಣಿಗಳ ದೊಡ್ಡ ಪೇಟೆ. ಗುಡ್ಡದ ಮೇಲೊಂದು ಕೆರೆ, ಕೆರೆಯಿಂದ ನೆಲದೊಳಗೆ ಮಣ್ಣಿನ ಕೊಳವೆ, ಕೊಳವೆಯ ತುದಿಗೆ ಓಣಿಗೊಂದು ಕಲ್ಲಿನ ತೊಟ್ಟಿ. ತೊಟ್ಟಿಗೆ ಕೊಡ ಅದ್ದಿದರೆ ಮುಗಿಯಿತು, ಹೆಂಗಸರು ಬಾವಿಯ ಹಗ್ಗವನ್ನೇ ಮರೆತಿದ್ದರಂತೆ. ಓಣಿಗಳ ಹಳೇ ಬಾವಿಗಳು ಕಸದ ಗುಂಡಿಗಳಾಗಿದ್ದವು.

ಆಮೇಲೆ ಮಳೆಯ ನಡೆ ಕೆಟ್ಟಿತು. ಮೂರು ತಿಂಗಳು ಸಾವಕಾಶ ಸುರಿಯುತ್ತಿದ್ದ ಮಳೆ ನಾಲ್ಕೇ ದಿನ ಸುರಿದು ಕೈತೊಳೆದುಕೊಳ್ಳತೊಡಗಿತು. ಆ ನಾಲ್ಕು ದಿನ ಕೆರೆ ಕೋಡಿ ಹರಿದು ನೀರೆಲ್ಲ ಹಳ್ಳದ ಪಾಲು. ಯುಗಾದಿ ಹೊತ್ತಿಗೆ ತೊಟ್ಟಿಯಲ್ಲಿ ಹಲ್ಲಿ ಓಡಾಡುತ್ತಿದ್ದವು. ಐದು ವರ್ಷ ಹೀಗೇ ಆಯಿತು. ಆಗ ಊರವರು ಏನು ಮಾಡಿದರು? ಒಬ್ಬರನ್ನೊಬ್ಬರು ಅನುಮಾನಿಸಿದರು. ಮೇಲಿನ ಓಣಿಯವರು ನೀರು ಕದ್ದರು ಎಂದು ಕೆಳಗಿನವರು, ದೇಸಾಯರ ವಾಡೆಗೆ ಕಳ್ಳಕೊಳವೆ ಇದೆ ಎಂದು ಎಲ್ಲರೂ. ಮಳೆಯ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ.

ಬಂದದ್ದು ಕುಂಬಾರ ತಂಗೆವ್ವನಿಗೆ. ಗಂಡ ಸತ್ತ ಮೇಲೆ ತಿಗರಿಯನ್ನು ತಾನೇ ತಿರುಗಿಸಿ ಊರಿಗೆ ಕೊಳವೆ ಮಾಡಿಕೊಡುತ್ತಿದ್ದವಳು. ನೆಲಕ್ಕೆ ಕಿವಿಯಿಟ್ಟರೆ ಮೂರಾಳು ಆಳದ ನೀರಿನ ಸದ್ದು ಅವಳಿಗೆ ಕೇಳುತ್ತಿತ್ತಂತೆ. ಮೂರಾಳೋ ಒಂದಾಳೋ, ಜನ ಹಾಗನ್ನುತ್ತಾರೆ. ಅವಳು ದೇಸಾಯರ ಮುಂದೆ ನಿಂತು, ಈ ಕೊಳವೆ ಅಜ್ಜಂದಿರ ಕಾಲದ ಮಳೆಗೆ ಮಾಡಿದ್ದು ಅಂದಳು. ಈಗಿನ ಮಳೆಗೆ ಎರಡರಷ್ಟು ಅಗಲದ ಕೊಳವೆ ಬೇಕು, ನಾಲ್ಕು ದಿನದ ನೀರು ತೊಟ್ಟಿ ತುಂಬಿ ಹಳೇ ಬಾವಿಗೆ ಇಳಿಯಬೇಕು, ಬೇಸಿಗೆಯಲ್ಲಿ ಅದನ್ನು ಸೇದಿಕೊಳ್ಳಬೇಕು ಅಂದಳು. ಕುಡಿಯುವ ನೀರನ್ನು ಕಸದ ಗುಂಡಿಗೆ ಬಿಡುವುದೆಂದರೆ ಏನೋ ಮಸಲತ್ತು ಇದೆ ಎಂದು ಊರು ಗುಸುಗುಸು ಶುರು ಮಾಡಿತು. ದೇಸಾಯರು ಒಪ್ಪಿದರು, ಒಪ್ಪಿ ಅವಳ ಹಿಂದೆ ಕಾವಲಿಗೆ ತಳವಾರ ಲಗಮಣ್ಣನನ್ನು ಬಿಟ್ಟರು.

ಈ ಲಗಮಣ್ಣ ಹೆಂಡತಿ ಬಡಿಸಿದ ಸಾರನ್ನೂ ಮೂರು ಸಲ ಕಲಕಿ ನೋಡಿ ಉಣ್ಣುವ ಆಸಾಮಿ. ಕೆಟ್ಟವನಲ್ಲ. ಅವನ ತಳವಾರ ಓಣಿ ಊರಿನ ಕಟ್ಟಕಡೆಯದು, ನೀರು ಮೊದಲು ನಿಲ್ಲುವುದು ಅಲ್ಲೇ. ಹೆಂಡತಿ ಬಾಳವ್ವ ಹರಿದಾರಿ ನಡೆದು ಹಳ್ಳದ ಒರತೆಯಿಂದ ನೀರು ತರುತ್ತಿದ್ದಳು. ತನ್ನ ಓಣಿಗೆ ಮೋಸವಾಗಬಾರದು ಎಂಬುದೊಂದೇ ಅವನ ತಲೆಯಲ್ಲಿ.

ಬೇಸಿಗೆಯಿಡೀ ಓಣಿಗಳನ್ನು ಅಗೆದರು, ಬಾವಿಗಳ ಹೂಳು ತೆಗೆದರು, ಹೊಸ ಕೊಳವೆ ಹೂತರು. ಮೊದಲ ತುಂತುರಿಗೆ ಕೆರೆಯ ತಳದಲ್ಲಿ ಒಂದಿಷ್ಟು ನೀರು ನಿಂತಾಗ ತಂಗೆವ್ವ ಪರೀಕ್ಷೆಗೆ ಹೊರಟಳು. ಅವಳದೊಂದು ಪದ್ಧತಿಯಿತ್ತು. ಕೆರೆಯ ಬಾಯಲ್ಲಿ ಒಂದು ಹಿಡಿ ಜೋಳದ ಹೊಟ್ಟು ತೇಲಿಬಿಡುವುದು, ಅದು ತೊಟ್ಟಿಗೆ ಬಂದರೆ ಕೊಳವೆಗೆ ಬಿರುಕಿಲ್ಲ ಎಂದರ್ಥ. ಆರು ಓಣಿಯವರು ಹೊಟ್ಟು ಬಂತು ಅಂದರು. ಆದರೆ ಹೊಟ್ಟು ಬಿಡುವಾಗ ಅವಳ ತುಟಿ ಅಲುಗಿದ್ದನ್ನು ಲಗಮಣ್ಣ ನೋಡಿಬಿಟ್ಟಿದ್ದ. ಅವಳು ಹೊತ್ತು ಎಣಿಸುತ್ತಿದ್ದಳು. ಅವನು ಮಾಟ ಅಂದುಕೊಂಡ. ಮಾಟ ಮುಟ್ಟಿತು ಎಂದು ಬಾಯಿಬಿಟ್ಟು ಹೇಳಿದರೇನೇ ಅದು ಕಟ್ಟುತ್ತದೆ ಎಂಬುದು ಅವರ ಕಡೆಯ ನಂಬಿಕೆ.

ಅವನು ಅವಳಿಗಿಂತ ಮೊದಲೇ ಗುಡ್ಡ ಇಳಿದು ತಳವಾರ ಓಣಿಯ ತೊಟ್ಟಿಯ ಮುಂದೆ ನಿಂತ. ಅಲ್ಲಿಗೂ ಹೊಟ್ಟು ಬಂತು. ಏಳೆಂಟು ಎಸಳು, ನೀರಿನ ಮೇಲೆ. ಲಗಮಣ್ಣ ರುಮಾಲಿನಲ್ಲಿ ಸೋಸಿ ಆಚೆ ಎಸೆದ.

ತಂಗೆವ್ವ ಗುಡ್ಡ ಇಳಿದು ಬಂದು ಕೇಳಿದಳು, "ಬಂತೇನೋ ತಮ್ಮಾ?"

"ಇಲ್ಲ."

"ಛಲೋ ನೋಡಿದಿಯೇನು? ಬಂತಾ?"

"ಇಲ್ಲಬೇ."

ಮೂರನೇ ಸಲ ಕೇಳಿದಳು. ಮೂರನೇ ಸಲವೂ ಇಲ್ಲವೆಂದ.

ಅವಳು ನೆಲಕ್ಕೆ ಕಿವಿಯಿಟ್ಟಳು. ನೀರಿನ ಸದ್ದು ಸರಿಯಾಗಿಯೇ ಇತ್ತು. ಆದರೂ, ಅನ್ನುತ್ತಾರೆ, ತನ್ನ ಕಿವಿಗಿಂತ ಅವನ ಮಾತನ್ನೇ ನಂಬಿದಳು. ನೀರು ಬಂದು ಹೊಟ್ಟು ಬರದಿದ್ದರೆ ಎಲ್ಲೋ ಸೀಳು ಬಿಟ್ಟಿರಬೇಕು ಎಂದು ಓಣಿಯನ್ನು ಮತ್ತೆ ಅಗೆಸಿದಳು. ಒಂದೊಂದೇ ಕೊಳವೆ ಬಿಚ್ಚಿ, ತಟ್ಟಿ ನೋಡಿದಳು. ಒಂಬತ್ತು ದಿನ ಹುಡುಕಿದರೂ ಸೀಳು ಸಿಗಲಿಲ್ಲ. ಹತ್ತನೇ ದಿನ ಮಳೆ ಬಂತು. ತೆರೆದ ಕಾಲುವೆಯೇ ಹಳ್ಳವಾಗಿ ಆ ಓಣಿಯ ಕೊಳವೆಗಳೆಲ್ಲ ಕೊಚ್ಚಿಹೋದವು. ನಾಲ್ಕು ದಿನದಲ್ಲಿ ಆರು ಬಾವಿ ತುಂಬಿದವು. ಏಳನೆಯದು ಬರೀ ಕೆಸರು.

ಮುಂದಿನ ಬೇಸಿಗೆಗೆ ಬಾಳವ್ವ ತುಂಬಿದ ಬಸುರಿ. ಆರು ಓಣಿಯ ಹೆಂಗಸರು ಬಾಗಿಲ ಮುಂದೆ ಸೇದುವಾಗ ಅವಳು ಅದೇ ಹರಿದಾರಿ ನಡೆಯಬೇಕು. ಒಂದು ಬೆಳಿಗ್ಗೆ ಹೊಸ್ತಿಲಲ್ಲೇ ಕೂತುಬಿಟ್ಟಳು, ಏಳಲಾಗಲಿಲ್ಲ. ಲಗಮಣ್ಣ ಕೊಡ ಕಸಿದುಕೊಂಡು ಕುಂಬಾರ ಓಣಿಗೆ ಹೋದ. ಬಾವಿಕಟ್ಟೆಯಲ್ಲಿದ್ದ ತಂಗೆವ್ವ ನೀರು ಸೇದಿ ಅವನ ಕೊಡ ತುಂಬಿದಳು. ಅವನು ಚಾಳಿಯಂತೆ ಕೊಡದೊಳಗೆ ಬಗ್ಗಿ ನೋಡಿದ. ಒಳಗೆ ನೀರು ಬಿಟ್ಟರೆ ಏನೂ ಇರಲಿಲ್ಲ. ಅವನಿಗೆ ತಡೆಯಲಾಗಲಿಲ್ಲ.

"ಅವತ್ತ ಹೊಟ್ಟು ಬಂದಿತ್ತಬೇ," ಅಂದ.

ತಂಗೆವ್ವ ಹಗ್ಗ ಬಿಟ್ಟು ಕಟ್ಟೆಯ ಮೇಲೆ ಕೂತಳು. ಬೈಯುತ್ತಾಳೆ ಅಂದುಕೊಂಡ. ಅವಳು ಬೈಯಲಿಲ್ಲ. "ಬಂದಿತ್ತಾ? ಒಂಬತ್ತು ದಿನ ನನ್ನ ಕೈನ ನಾ ಬೈಕೊಂಡ್ನಲ್ಲೋ ಲಗಮಾ," ಅಂದಳು.

ಮರುದಿನದಿಂದ ಅವಳು ಏಳನೇ ಓಣಿಗೆ ಮತ್ತೆ ಕೊಳವೆ ಮಾಡತೊಡಗಿದಳು. ಮಣ್ಣು ಹೊತ್ತವನು, ಕಾಲುವೆ ಅಗೆದವನು ಲಗಮಣ್ಣ. ಬಾಳವ್ವ ಹೆಣ್ಣು ಹೆತ್ತಳು, ಅದಕ್ಕೆ ತಂಗೆವ್ವನ ಹೆಸರೇ ಇಟ್ಟರು. ಕಡೆಯ ಕೊಳವೆಯ ಬಾಯಿ ಬೆಸೆದ ವಾರಕ್ಕೆ ತಂಗೆವ್ವ ಜ್ವರ ಬಂದು ತೀರಿಕೊಂಡಳು. ಪರೀಕ್ಷೆಯ ದಿನ ಹೊಟ್ಟು ಬಿಟ್ಟವರು ಬೇರೆ ಕುಂಬಾರರು. ಎಸಳು ತೇಲಿ ಬಂದಾಗ ಲಗಮಣ್ಣ ಓಣಿಯ ನಡುವೆ ನಿಂತು ಗುಡ್ಡಕ್ಕೆ ಮುಖಮಾಡಿ, "ಬಂತಬೇ, ಬಂತು!" ಎಂದು ಗಂಟಲು ಹರಿಯುವಂತೆ ಕೂಗಿದ, ಕೂಗುತ್ತಲೇ ಅತ್ತ. ಆಗ ಅವಳ ಖಾಲಿ ಮನೆಯಲ್ಲಿ ತಿಗರಿ ಅರ್ಧ ಸುತ್ತು ತಿರುಗಿತಂತೆ. ನೋಡಿದವರು ಯಾರು ಎಂದು ನೀವು ಕೇಳುತ್ತೀರಿ. ನಾನೂ ಕೇಳಿದ್ದೆ, ಅಜ್ಜಿ ತಲೆಗೆ ಮೊಟಕಿದ್ದಳು.

ಇವತ್ತಿಗೂ ಮುಂಗಾರು ತರುವ ಮಿರಗದ ಮಳೆಗೆ ಮುಂಚೆ ಕರಿಕೋಟೆಯವರು ಕೆರೆಯಲ್ಲಿ ಒಂದು ಹಿಡಿ ಹೊಟ್ಟು ಬಿಡುತ್ತಾರೆ. ತಳವಾರ ಓಣಿಯ ಹಿರಿಯನೊಬ್ಬ ತೊಟ್ಟಿಯ ಮುಂದೆ ಕಾಯುತ್ತಾನೆ. ಹೊಟ್ಟು ಬಂದ ನೀರನ್ನು ಸೋಸದೆ ಕುಡಿದು, ಗುಡ್ಡದ ಕಡೆ ತಿರುಗಿ ಬಂತು ಎಂದು ಕೂಗುತ್ತಾನೆ. ಒಂದು ಸಲ ಕೂಗಿದರೆ ಗುಡ್ಡದ ಮೇಲಿನವರು ಕೆಳಗೆ ಇಳಿಯುವುದಿಲ್ಲ. ಮೂರು ಸಲ ಕೂಗಬೇಕು. ತಂಗೆವ್ವ ಮೂರು ಸಲ ಕೇಳಿದ್ದಳಲ್ಲ.