ರಬ್ಬರು ಆರಿಸಿಕೊಂಡ ಜೊತೆಗಾರ

ಟೈರ್ ಕಾರ್ಖಾನೆಯಲ್ಲಿ ಒಂದು ರಬ್ಬರಿಗೆ ಕಠಿಣ ಕೆಲಸ ಬಂತು. ಅದು ದೊಡ್ಡ ಚೀಲವಾಗಿ, ಸುಡುವ ಹಬೆಯನ್ನು ಹೊಟ್ಟೆಯಲ್ಲಿ ತುಂಬಿಕೊಂಡು, ಹಸಿ ಟೈರುಗಳನ್ನು ಒಳಗಿನಿಂದ ಅಚ್ಚಿಗೆ ಒತ್ತಬೇಕಿತ್ತು. ಆದರೆ ಅದರ ಎಳೆಗಳು ಇನ್ನೂ ಬಿಡಿಬಿಡಿಯಾಗಿದ್ದವು; ಹಾಗೆಯೇ ಉಬ್ಬಿದರೆ ಹರಿದುಹೋಗುತ್ತಿತ್ತು.

ಗಂಧಕ ಮುಂದೆ ಬಂದಿತು. “ನನ್ನನ್ನು ಸೇರಿಸಿಕೊ. ನಿನ್ನ ಎಳೆಗಳನ್ನು ಬೇಗ ಕಟ್ಟಿಬಿಡುತ್ತೇನೆ.”

“ನಾನು ದಿನವೂ ಹಬೆಯಲ್ಲಿ ಬೇಯಬೇಕು. ಆಗಲೂ ಕೈಬಿಡುವುದಿಲ್ಲವೇ?” ಎಂದು ರಬ್ಬರು ಕೇಳಿತು.

ಗಂಧಕ ಸುಳ್ಳಾಡಲಿಲ್ಲ. “ಅಷ್ಟು ಕಾವಿಗೆ ನನ್ನ ಗಂಟುಗಳು ಸಡಿಲವಾಗುತ್ತವೆ. ಟೈರಿಗಾದರೆ ನಾನೇ ಸರಿ. ನಿನಗೆ ಅಲ್ಲಿ ಮೂಲೆಯಲ್ಲಿರುವ ಫಿನಾಲಿಕ್ ರಾಳವೇ ಬೇಕು; ಆ ಅಂಟು ಕಟ್ಟಿದ ಗಂಟು ಕಾವಿಗೆ ಬಿಚ್ಚುವುದಿಲ್ಲ.”

ರಾಳ ಸಂಕೋಚದಿಂದ ಹೇಳಿತು: “ನಾನು ಬಹಳ ನಿಧಾನಿ. ಕಾಯುವ ತಾಳ್ಮೆ ಇದೆಯೇ?”

“ಇದೆ” ಎಂದ ರಬ್ಬರು ರಾಳವನ್ನು ಬೆರೆಸಿಕೊಂಡು, ಎಳೆಗಳು ಕಟ್ಟಿಕೊಳ್ಳಲೆಂದು ಬಿಸಿ ಅಚ್ಚಿನಲ್ಲಿ ಬೇಯಲು ಕೂತಿತು.

ಗಂಧಕ ಬೆರೆತ ರಬ್ಬರುಗಳು ಒಂದೊಂದಾಗಿ ಬೆಂದು ಹೊರಬಿದ್ದವು. ರಾಳ ಬೆರೆತ ಈ ರಬ್ಬರು ಮಾತ್ರ ಅವುಗಳೆದುರು ನಗೆಪಾಟಲಾಗುತ್ತಾ ಬೇಯುತ್ತಲೇ ಇತ್ತು.

ಕೊನೆಗೆ ಅದು ಚೀಲವಾಗಿ ಹಸಿ ಟೈರಿನೊಳಗೆ ಕೂರುವ ದಿನ ಬಂತು. ಹಬೆ ಭುಸ್ಸೆಂದು ಒಳನುಗ್ಗಿತು. ರಬ್ಬರು ಹೆದರಿ ಕೂಗಿತು: “ರಾಳವೇ, ಇದ್ದೀಯಾ?”

“ಇದ್ದೇನೆ. ಈ ಕಾವಿಗೆ ನನ್ನ ಹಿಡಿತ ಇನ್ನೂ ಬಿಗಿಯಾಗುತ್ತಿದೆ. ನೀನು ಧೈರ್ಯವಾಗಿ ಉಬ್ಬು.”

ರಬ್ಬರು ಉಬ್ಬಿತು, ಒಂದು ಎಳೆಯೂ ಬಿಚ್ಚಲಿಲ್ಲ. ಅಚ್ಚು ತೆರೆದಾಗ ಹೊಸ ಟೈರು ಹೊಳೆಯುತ್ತಾ ಹೊರಗೆ ಉರುಳಿತು.

“ಇನ್ನೊಂದು ಬರಲಿ” ಎಂದಿತು ರಬ್ಬರು.