ನರಕದಲ್ಲಿ ಕೂಗಿದ ಕಾಗೆ

ಊರನ್ನೆಲ್ಲ ಬೈದುಕೊಂಡು, ಕಾಗೆಗೆ ಮಾತ್ರ ದಿನವೂ ತುತ್ತು ಅನ್ನ ಇಡುತ್ತಿದ್ದ ದ್ಯಾವಮ್ಮ ಸತ್ತು ನರಕ ಸೇರಿದಳು. ಅವಳನ್ನು ಬಿಡಿಸಲು ಕಾಗೆ ಅಲ್ಲಿಗೇ ಹಾರಿತು.

ಬಾಗಿಲಲ್ಲಿದ್ದ ಯಮನ ಕೋಣ ಹೇಳಿತು: "ಅನ್ನದ ಋಣ ದೊಡ್ಡದು. ಅವಳೊಬ್ಬಳನ್ನು ಕರೆದುಕೊಂಡು ಹೋಗು."

ಕಾಗೆ ಕುದಿಯುವ ಕೊಪ್ಪರಿಗೆಯ ಅಂಚಿನಲ್ಲಿ ಕೂತು ಕಾ ಕಾ ಎಂದು ಕೂಗಿತು. ಬೇಯುತ್ತಿದ್ದವರೆಲ್ಲ ಎದ್ದು ಬಂದರು.

"ಒಬ್ಬಳನ್ನು ಎಂದೆ! ಇವರಲ್ಲಿ ನಿನಗೆ ಕಲ್ಲು ಹೊಡೆದವರೂ ಇದ್ದಾರೆ."

"ಎಂಜಲು ಸಿಕ್ಕರೂ ಬಳಗವನ್ನೆಲ್ಲ ಕೂಗುವ ಜಾತಿ ನಮ್ಮದು. ಬಿಡುಗಡೆ ಸಿಕ್ಕಾಗ ಬಾಯಿ ಮುಚ್ಚಿಕೊಳ್ಳಲೇ?"

"ಹಾಗಾದರೆ ನೀನೂ ಇಲ್ಲೇ ಬಿದ್ದಿರು," ಎಂದು ಕೋಣ ಬಾಗಿಲಿಗೆ ಅಡ್ಡ ನಿಂತಿತು.

"ಆಗಲಿ, ಇಲ್ಲಿಂದಲೇ ಕೂಗುತ್ತೇನೆ," ಎಂದ ಕಾಗೆ ಮತ್ತೆ ಕೊಕ್ಕು ತೆರೆಯಿತು.

ಭೂಲೋಕದ ಕಾಗೆಗಳೆಲ್ಲ ಓಗೊಟ್ಟು ಇಳಿದು ಬರುವ ಸದ್ದು ಕೇಳಿಸಿತು. ಕೋಣನಿಗೆ ತನ್ನ ಬೆನ್ನ ಮೇಲಿನ ಹುಣ್ಣು ನೆನಪಾಯಿತು. ಅದು ಪಕ್ಕಕ್ಕೆ ಸರಿಯಿತು.